ಅಟ್ಟದಿಂದ ಬರೆಯವರೆಗೆ: ಭೂಕಂಪಕ್ಕೆ ಮನೆ ನೋಡಿಸಿದ್ದು

ಮಳೆಗಾಲಕ್ಕೆ ಹೇಗೆ ತಯಾರಾಗಬೇಕು ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಸೌದೆ ಒಳಗೆ ಸೇರಬೇಕು, ಒಡೆದ ಹಂಚು ಬದಲಾಗಬೇಕು, ಚರಂಡಿ ಬಿಡಿಸಬೇಕು, ಮನೆ ಕಡೆ ವಾಲಿದ ಕೊಂಬೆ ಕಡಿಸಬೇಕು. ಭೂಕಂಪಕ್ಕೆ ಏನು ಮಾಡಬೇಕು ಅಂತ ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. "ಬಂದಾಗ ಹೊರಗೆ ಓಡುವುದು, ಇನ್ನೇನು?" ಅನ್ನುತ್ತಾರೆ. ನಮ್ಮ ಮನೆಯಲ್ಲೂ ಇದೇ ಉತ್ತರ ಇತ್ತು. ಆದರೆ ನಮ್ಮ ಅವ್ವನಿಗೆ ಮೊಣಕಾಲು ನೋವು. ಮಂಚದಿಂದ ಏಳಲಿಕ್ಕೇ ಗೋಡೆ ಹಿಡಿಯಬೇಕು. ಅವರು ಓಡುವುದೆಲ್ಲಿ?

ನಮ್ಮದು ಕೊಡಗಿನ ಭಾಗಮಂಡಲದಿಂದ ಕರಿಕೆ ಕಡೆ ಹೋಗುವ ರಸ್ತೆಯ ಆಸುಪಾಸು. 2022ರ ಜೂನ್ ಕೊನೆಯಲ್ಲಿ ಚೆಂಬು, ಪೆರಾಜೆ, ಕರಿಕೆ, ಸಂಪಾಜೆ, ಅತ್ತ ಸುಳ್ಯದ ಕಡೆ ನೆಲ ಮತ್ತೆ ಮತ್ತೆ ಅಲ್ಲಾಡಿತಲ್ಲ, ಅದು ನಮಗೂ ಗೊತ್ತಾಯಿತು. ಜೂನ್ 28ರ ಬೆಳಗ್ಗಿನದು ಭೂಕಂಪದ ಅಳತೆಯಲ್ಲಿ 3.0 ಅಂತ ದಾಖಲಾಗಿತ್ತು. ನೆಲದಡಿಯಿಂದ ಬಂದ ಆ ಸದ್ದೇ ನಡುಕಕ್ಕಿಂತ ಜಾಸ್ತಿ ಹೆದರಿಸಿತು. ಅದಕ್ಕೂ ಮೊದಲು 2018ರ ಜುಲೈ 9ರಂದು ಜಿಲ್ಲೆಯಲ್ಲಿ 3.4ರ ಕಂಪನ ಆಗಿತ್ತು. ಮುಂದಿನ ತಿಂಗಳು ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳೇ ಇಳಿದು ಬಂದವು. ಆ ಭೂಕಂಪದಿಂದಲೇ ಗುಡ್ಡ ಸಡಿಲವಾಯಿತು ಅಂತ ನಂಬುವವರು ಈಗಲೂ ಬೇಕಾದಷ್ಟು ಜನ ಇದ್ದಾರೆ. ಬಂದು ನೋಡಿದ ಭೂವಿಜ್ಞಾನಿಗಳು ಮಾತ್ರ ಅತಿಯಾದ ಮಳೆಯನ್ನೂ, ಮನೆಗೆ ರಸ್ತೆಗೆ ಅಂತ ಇಳಿಜಾರನ್ನು ಮನಸ್ಸಿಗೆ ಬಂದ ಹಾಗೆ ಕಡಿದದ್ದನ್ನೂ ತೋರಿಸಿದರು.

3.0ರ ನಡುಕಕ್ಕೆ ಸರಿಯಾಗಿ ಕಟ್ಟಿದ ಮನೆ ಬೀಳುವುದಿಲ್ಲ. ಈ ಅಳತೆಯಲ್ಲಿ ಒಂದು ಅಂಕಿ ಮೇಲೇರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 3ರಿಂದ 6ಕ್ಕೆ ಹೋದರೆ ಮೂವತ್ತು ಸಾವಿರ ಪಟ್ಟಿಗೂ ಮೀರಿ. ಹಾಗಾಗಿ "ಅವತ್ತು ಅಲ್ಲಾಡಿತು, ಏನೂ ಆಗಲಿಲ್ಲ, ನಮ್ಮ ಮನೆ ಗಟ್ಟಿ" ಅನ್ನುವ ಸಮಾಧಾನಕ್ಕೆ ಬೆಲೆ ಇಲ್ಲ. ಅದು ಮನೆಗೆ ಆದ ಪರೀಕ್ಷೆಯೇ ಅಲ್ಲ.

ಹಾಗಂತ ನಾವೇನು ಗುಜರಾತಿನ ಭುಜ್‌ನಲ್ಲಿ ಕೂತಿಲ್ಲ. ದೇಶವನ್ನು 2ರಿಂದ 5ರ ತನಕ ಭೂಕಂಪ ವಲಯಗಳಾಗಿ ಹಂಚಿದ ನಕ್ಷೆಯಲ್ಲಿ ಕರ್ನಾಟಕ ಬಂದಿದ್ದು 2 ಮತ್ತು 3ರಲ್ಲಿ. ಕಡಿಮೆ, ಇಲ್ಲವೇ ಮಧ್ಯಮ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನಡುಗಿದಾಗ ಆ ಊರು ಅಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿತ್ತು. ಅಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರು. ಹೆಚ್ಚಿನವರು ಸತ್ತದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳ ಅಡಿಯಲ್ಲಿ, ಮಲಗಿದ್ದ ಜಾಗದಲ್ಲೇ. ನಮ್ಮ ಮನೆಯ ಮುಂಭಾಗವೂ ಮಣ್ಣಿನ ಗಾರೆಯ ಕಲ್ಲಿನ ಗೋಡೆಯೇ. ಇದನ್ನು ನನ್ನ ತಲೆಗೆ ಹಾಕಿದವರು ಭಾವ.

ಭಾವ ಅಂದರೆ ಅಕ್ಕನ ಗಂಡ, ಮೈಸೂರಿನಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ನೆಲ ಅಲ್ಲಾಡಿದ ಆ 2022ರಲ್ಲೇ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವ ನೋಡಲಿಕ್ಕೆ ಅಂತ ಬಂದಿದ್ದರು. ಮಳೆ ಹೊರಟು ಗೋಡೆಗಳು ಒಣಗಲು ಶುರುವಾದ ಸಮಯ. ಬಿರುಕು ನೋಡಲು ಅದೇ ಒಳ್ಳೆ ಹೊತ್ತು ಅಂದರು. ಒದ್ದೆ ಗೋಡೆಯಲ್ಲಿ ಪಾಚಿ ಕಾಣುತ್ತದೆ, ಬಿರುಕು ಕಾಣುವುದಿಲ್ಲ. "ಸುಮ್ನೆ ಕೂತಿದ್ದೀನಲ್ಲ, ಮನೆ ನೋಡಿಕೊಡ್ತೀನಿ. ಟಾರ್ಚ್, ಟೇಪು, ಒಂದು ಉದ್ದದ ಸ್ಕ್ರೂಡ್ರೈವರ್ ತಾ" ಅಂದರು. ಇನ್ನೊಂದು ಬೇಕಾದದ್ದು ಮೇಸ್ತ್ರಿಗಳ ತೂಗುಗುಂಡು. ಅದು ಗೋದಾಮಿನ ಮೂಲೆಯಲ್ಲಿ ಸಿಕ್ಕಿತು.

ಮೊದಲು ಮನೆಗೆ ಒಂದು ಸುತ್ತು ಹಾಕಿದೆವು. ಅಜ್ಜನ ಕಾಲದ ಮುಂಭಾಗ, ಅದರ ಮೇಲೆ ಮಂಗಳೂರು ಹಂಚು. ಹಿಂದೆ ಅಪ್ಪ ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿಸಿದ ಅಡುಗೆಮನೆ, ಬಚ್ಚಲು, ಅದಕ್ಕೆ ಆರ್‌ಸಿಸಿ ತಾರಸಿ. ಪಕ್ಕದಲ್ಲಿ ನಾನು ಮಕ್ಕಳಿಗೆ ಅಂತ ಸೇರಿಸಿದ ಕೋಣೆ. ನಮಗೆ ಅದು ಒಂದೇ ಮನೆ. ಭಾವ ನೋಡಿದ ತಕ್ಷಣ "ಮೂರು ಮನೆ ಇದೆಯಲ್ಲ ಮಾರಾಯ" ಅಂದರು. ಹಂಚಿನ ಮನೆ ಒಂದು ಥರ ಅಲ್ಲಾಡುತ್ತದೆ, ತಾರಸಿ ಮನೆ ಇನ್ನೊಂದು ಥರ. ಅಂಟಿಕೊಂಡು ನಿಂತ ಎರಡೂ ಒಂದನ್ನೊಂದು ಗುದ್ದುತ್ತವೆ. ಗೋಡೆ ನಡುವಿನಲ್ಲಿ ಮುರಿಯುವುದಕ್ಕಿಂತ ಮೊದಲು ಎರಡು ಸಾಮಾನು ಕೂಡುವ ಕಡೆ ಬಿಡುತ್ತದೆ. ಗೋಡೆಗೆ ಗೋಡೆ, ಗೋಡೆಗೆ ಮಾಡು (ಚಾವಣಿ), ಹಳೆಯದಕ್ಕೆ ಹೊಸದು. ಅಷ್ಟು ಕಡೆ ಮಾತ್ರ ನೋಡಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ ಅಂದರು. ಆ ದಿನವೆಲ್ಲ ನಾವು ನೋಡಿದ್ದು ಅದನ್ನೇ.

ಪಡುವಣ ಗೋಡೆಯ ಬುಡದಲ್ಲಿ ಗಾರೆ ಉದುರಿದ ಜಾಗ ಒಂದಿತ್ತು. ಮಳೆ ಬಡಿಯುವ ಕಡೆ. ಭಾವ ಅಲ್ಲಿ ಕಲ್ಲುಗಳ ಸಂದಿಗೆ ಸ್ಕ್ರೂಡ್ರೈವರ್ ಒತ್ತಿದರು. ಹೆಚ್ಚು ಬಲ ಹಾಕಲಿಲ್ಲ, ಹಿಡಿಯ ತನಕ ಒಳಗೆ ಹೋಯಿತು. ಎಳೆದಾಗ ತುದಿಯಲ್ಲಿ ಕೆಂಪು ಮಣ್ಣು, ಇನ್ನೂ ತೇವ ಇತ್ತು. ಹೊರಗಿನಿಂದ ನೋಡಿದರೆ ಸಿಮೆಂಟ್ ಗಾರೆ, ಅದರ ಮೇಲೆ ಬಿಳಿ ಬಣ್ಣ. ಒಳಗೆ ಕಲ್ಲುಗಳನ್ನು ಹಿಡಿದುಕೊಂಡಿದ್ದು ಬರೀ ಮಣ್ಣು. ಆಮೇಲೆ ಮಾಡಿನಂಚಿನಿಂದ ತೂಗುಗುಂಡು ಇಳಿಬಿಟ್ಟರು. ದಾರ ಮೇಲೆ ಗೋಡೆಯಿಂದ ಎರಡು ಬೆರಳು ದೂರ ಇದ್ದದ್ದು ಸೊಂಟದ ಎತ್ತರದಲ್ಲಿ ಗೋಡೆಗೆ ತಾಗಿಕೊಂಡಿತು. ಗೋಡೆ ಹೊಟ್ಟೆ ಬಿಟ್ಟಿತ್ತು. ಇಷ್ಟು ವರ್ಷ ದಿನಾ ಅದರ ಪಕ್ಕ ಓಡಾಡಿದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಯಾಕೆ ಹೀಗಾಗುತ್ತದೆ ಅಂತ ಅಲ್ಲೇ ನಿಂತು ವಿವರಿಸಿದರು. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ ಅಂದರೆ ನಿಜವಾಗಿ ಎರಡು ಗೋಡೆ. ಒಳಗೊಂದು ಸಾಲು, ಹೊರಗೊಂದು ಸಾಲು, ನಡುವೆ ಚೂರು ಕಲ್ಲು, ಮಣ್ಣು. ಎರಡನ್ನೂ ಹಿಡಿದಿಡಬೇಕಾದ್ದು ಆಚೆಯಿಂದ ಈಚೆವರೆಗೆ ಹಾಯುವ ಉದ್ದದ ಕಲ್ಲು. ಅಂಥದ್ದು ಎತ್ತರದಲ್ಲಿ ಎರಡಡಿಗೊಂದು, ಉದ್ದದಲ್ಲಿ ನಾಲ್ಕಡಿಗೊಂದು ಇರಬೇಕು ಅಂತ ಭಾರತೀಯ ಮಾನಕವೇ ಹೇಳುತ್ತದಂತೆ. ಅವು ಇಲ್ಲದಿದ್ದರೆ ನಡುಕ ಬಂದಾಗ ಹೊರಗಿನ ಸಾಲು ಹೊರಗೆ, ಒಳಗಿನ ಸಾಲು ಒಳಗೆ ಬೀಳುತ್ತದೆ. ಒಳಗೆ ಬೀಳುವುದು ಮಲಗಿದವರ ಮೇಲೆ. ಕಿಲ್ಲಾರಿಯಲ್ಲಿ ಆದದ್ದು ಇದೇ. ನಮ್ಮ ಗೋಡೆಯಲ್ಲಿ ಅಂಥ ಕಲ್ಲು ಮೂಲೆಗಳಲ್ಲಿ ಚೆನ್ನಾಗಿ ಕಂಡವು. ಅಜ್ಜನ ಮೇಸ್ತ್ರಿಗೆ ಕೆಲಸ ಗೊತ್ತಿತ್ತು ಅಂತ ಭಾವ ಮೆಚ್ಚಿದರು. ನಡುವಿನಲ್ಲಿ ಮಾತ್ರ ಒಂದೂ ಸಿಗಲಿಲ್ಲ.

ಕಿಟಕಿ, ಬಾಗಿಲುಗಳ ಲೆಕ್ಕ ಬೇಗ ಮುಗಿಯಿತು. ಮೂಲೆಯಿಂದ ಎರಡಡಿಯಾದರೂ ದೂರ ಇರಬೇಕು, ಒಂದು ಗೋಡೆಯಲ್ಲಿ ಅರ್ಧಕ್ಕಿಂತ ಜಾಸ್ತಿ ತೆರವು ಇರಬಾರದು. ಹಳೆ ಮನೆ ಇದರಲ್ಲಿ ಪಾಸು, ಕಿಟಕಿಗಳೇ ಸಣ್ಣ. ನಾನು ಕಟ್ಟಿಸಿದ ಕೋಣೆಗೆ ಮಂಜು ಮುಸುಕಿದ ಬೆಟ್ಟ ಕಾಣಲಿ ಅಂತ ಮೂಲೆಗೇ ದೊಡ್ಡ ಕಿಟಕಿ ಇಡಿಸಿದ್ದೆ. ಭಾವ ಅದನ್ನು ನೋಡಿ ಏನೂ ಹೇಳದೆ ಬರೆದುಕೊಂಡರು. ಆ ಕೋಣೆಗೆ ಲಿಂಟಲ್ ಮಟ್ಟದಲ್ಲಿ, ಅಂದರೆ ಕಿಟಕಿ ಬಾಗಿಲುಗಳ ಮೇಲಂಚಿನ ನೇರಕ್ಕೆ, ಸುತ್ತ ಕಾಂಕ್ರೀಟ್ ಬೆಲ್ಟ್ ಇದೆ, ಅದರಿಂದ ಬಚಾವ್.

ಬಿರುಕುಗಳಲ್ಲಿ ಜಾತಿ ಉಂಟು. ಗಾರೆಯಲ್ಲಿ ಅಡ್ಡಾದಿಡ್ಡಿ ಹಬ್ಬಿದ ಕೂದಲೆಳೆ ಬಿರುಕಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರಿದ್ದು, ಎರಡು ಗೋಡೆ ಸೇರುವ ಕಡೆ ನೆಟ್ಟಗೆ ಬಿಟ್ಟದ್ದು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವುದು, ಇವನ್ನು ಬಿಡಬಾರದು. ಬಿರುಕು ಸತ್ತಿದೆಯೋ ಇನ್ನೂ ಬೆಳೆಯುತ್ತಿದೆಯೋ ಅಂತ ಪತ್ತೆ ಮಾಡುವ ಉಪಾಯ ನನಗೆ ತುಂಬ ಹಿಡಿಸಿತು. ಒಡೆದ ಫೋಟೋ ಗಾಜಿನಿಂದ ಬೆರಳಗಲದ ಪಟ್ಟಿಗಳನ್ನು ಕತ್ತರಿಸಿದೆವು. ಬಿರುಕಿನ ಎರಡೂ ಕಡೆ ಬಣ್ಣ ಕೆರೆದು, ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೆ ಮಾತ್ರ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿದೆವು. ನಡುವೆ ಅಂಟಿಸಬಾರದು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು. ಬಿರುಕಿನ ತುದಿ ಎಲ್ಲಿ ನಿಂತಿದೆಯೋ ಅಲ್ಲೂ ಒಂದು ಗೆರೆ. ಗೋಡೆ ಸರಿದರೆ ಗಾಜು ಬಾಗುವುದಿಲ್ಲ, ಒಡೆಯುತ್ತದೆ.

ಮುಂದಿನ ಮಳೆಗಾಲ ಮುಗಿಯುವಾಗ ನೋಡಿದರೆ ಹೊಟ್ಟೆ ಬಿಟ್ಟ ಗೋಡೆಯ ಪಟ್ಟಿಗಳು ಹಾಗೇ ಇದ್ದವು. ಒಡೆದದ್ದು ಹಳೆ ಮನೆಗೂ ಅಡುಗೆಮನೆಗೂ ನಡುವಿನದು. ಅಲ್ಲಿ ಹೊಸ ಗೋಡೆಯನ್ನು ಹಳೆಯದಕ್ಕೆ ಒರಗಿಸಿ ಕಟ್ಟಿ ಮೇಲೆ ಗಾರೆ ಬಳಿದಿದ್ದರು, ಅಷ್ಟೆ. ವರ್ಷಾ ವರ್ಷಾ ನಾವು ಅದಕ್ಕೆ ಸಿಮೆಂಟ್ ತುಂಬುತ್ತಿದ್ದೆವು, ಅದು ವರ್ಷಾ ವರ್ಷಾ ಬಿಡುತ್ತಿತ್ತು. ಭಾವನಿಗೆ ಫೋಟೋ ಕಳಿಸಿದೆ. "ಅದು ಎರಡು ಮನೆಯಾಗಿಯೇ ಇರಲಿ. ಗಟ್ಟಿ ಸಿಮೆಂಟ್ ತೆಗೆಸು, ಮೆತ್ತನೆಯ ಸೀಲೆಂಟ್ ತುಂಬು, ಮೇಲೆ ನೀರು ಇಳಿಯದ ಹಾಗೆ ತಗಡು ಹೊಡೆಸು" ಅಂದರು. ಹಾಗೇ ಮಾಡಿಸಿದೆ. ಅಡುಗೆಮನೆ ಸೋರುವುದೂ ನಿಂತಿತು. ನಮ್ಮ ಮನೆಯವಳಿಗೆ ಭೂಕಂಪದ ವಿಷಯದಲ್ಲಿ ನಂಬಿಕೆ ಬಂದದ್ದೇ ಅವತ್ತು.

ತಪಾಸಣೆಯ ದಿನಕ್ಕೆ ವಾಪಸ್ ಬರುತ್ತೇನೆ. ಅಟ್ಟ ಹತ್ತಿದ್ದು ಮಧ್ಯಾಹ್ನ ಊಟ ಆದ ಮೇಲೆ. ಪಕ್ಕಾಸುಗಳು, ಅಂದರೆ ಮಾಡು ಹೊರುವ ಇಳಿಜಾರು ಮರಗಳು, ಗೋಡೆ ಮೇಲಿನ ಮರದ ಮೇಲೆ ಕೂತಿವೆ, ಆ ಮರ ಗೋಡೆ ಮೇಲೆ ಕೂತಿದೆ. ಕೂತಿವೆ ಅಷ್ಟೆ, ಯಾವುದಕ್ಕೂ ಯಾವುದನ್ನೂ ಬಿಗಿದಿಲ್ಲ. ತೂಕವೇ ಹಿಡಿದಿಟ್ಟಿದೆ. ಮಾಡಿನ ಎರಡು ತುದಿಯಲ್ಲಿ ತ್ರಿಕೋನವಾಗಿ ಮೇಲೇರಿದ ಗೋಡೆ ಇದೆಯಲ್ಲ, ಅದಂತೂ ಯಾವ ಆಸರೆಯೂ ಇಲ್ಲದೆ ನಿಂತಿತ್ತು. ಹಂಚಿನ ಮನೆಗಳಲ್ಲಿ ಮೊದಲು ಬೀಳುವುದೇ ಆ ತ್ರಿಕೋನ. ನಮ್ಮದು ಬಿದ್ದರೆ ಮುಂಬಾಗಿಲಿನ ಮೆಟ್ಟಿಲ ಮೇಲೆ.

ಅಟ್ಟದ ಸಾಮಾನು ಬೇರೆ. ತಾಮ್ರದ ಹಂಡೆಗಳು, ಯಾರೂ ಬಳಸದ ಒರಳು, ಬೆಲೆ ಏರಲಿ ಅಂತ ಕಾದಿಟ್ಟ ಕರಿಮೆಣಸಿನ ಮೂಟೆಗಳು. ನೆಲದಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ ಅಂತ ಮೆಣಸನ್ನು ಮೇಲೆ ಇಡುವುದು ನಮ್ಮ ಕಡೆ ವಾಡಿಕೆ. ಮೇಲಿನ ಭಾರ ಹೆಚ್ಚಿದಷ್ಟೂ ಗೋಡೆಯ ಮೇಲೆ ಬೀಳುವ ಎಳೆತ ಹೆಚ್ಚು. ಒರಳನ್ನು ಅವತ್ತೇ ನಾಲ್ಕು ಜನ ಸೇರಿ ಇಳಿಸಿದೆವು. ಮೆಣಸು ಇಳಿಸಲಿಕ್ಕೆ ನಾನು ಒಪ್ಪಲಿಲ್ಲ. ಬೆಲೆ ಚೆನ್ನಾಗಿ ಬಂದ ಮೇಲೆ ತಾನಾಗಿಯೇ ಇಳಿಯಿತು.

ಮಾಡಿಗೆ ಮಾಡಿಸಿದ ಕೆಲಸ ಸುಲಭದ್ದು. ಪಕ್ಕಾಸು ಮತ್ತು ಅಡಿಮರಕ್ಕೆ ಸೇರಿಸಿ ಜಿಐ ಪಟ್ಟಿ, ಸ್ಕ್ರೂ. ಮಾಡು ಪಕ್ಕಕ್ಕೆ ವಾಲದ ಹಾಗೆ ಒಳಗಿನಿಂದ ಓರೆ ಮರ. ತ್ರಿಕೋನದ ಮೇಲರ್ಧದ ಕಲ್ಲು ತೆಗೆಸಿ ಹಲಗೆ ಹೊಡೆಸಿದೆವು. ಹಗುರ ಆಯಿತು, ಗಾಳಿಯೂ ಆಡುತ್ತದೆ. ಬಾಗಿಲುಗಳ ನೇರಕ್ಕೆ ಮಾಡಿನಂಚಿನ ಹಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟಿಸಿದ್ದು ಇನ್ನೊಂದು. ಹೆದರಿ ಹೊರಗೆ ಓಡುವವರ ತಲೆಗೆ ಮೊದಲು ಸಿಗುವುದು ಜಾರಿದ ಹಂಚೇ ಅಲ್ವಾ.

ಮನೆಯೊಳಗಿನ ತಪಾಸಣೆಯಲ್ಲಿ ಜಗಳ ಆಯಿತು. ಅವ್ವನ ಮಂಚದ ತಲೆಭಾಗಕ್ಕೆ ಸರಿಯಾಗಿ ಮೇಲೆ ಅಜ್ಜ, ಅಜ್ಜಿ, ಅಪ್ಪ ಮೂವರ ಫೋಟೋಗಳಿವೆ. ತೇಗದ ಚೌಕಟ್ಟು, ದಪ್ಪ ಗಾಜು. ಅಜ್ಜನದನ್ನು ಎತ್ತಲು ಎರಡು ಕೈ ಬೇಕು. ಹಿಂದೆ ಒಂದೇ ಮೊಳೆ, ಸೆಣಬಿನ ಹುರಿ. ಭಾವ ಹುರಿಯನ್ನು ಉಗುರಿನಿಂದ ಕೆರೆದರು, ಪುಡಿ ಉದುರಿತು. "ಅತ್ತೆ, ಇದನ್ನು ಜಗಲಿ ಗೋಡೆಗೆ ಹಾಕಿಸೋಣ" ಅಂದರು. ಅವ್ವ ಕೇಳಲಿಲ್ಲ. "ದಿನಾ ಬೆಳಗ್ಗೆ ಎದ್ದು ಅವರ ಮುಖ ನೋಡುವುದು ನಾನು. ಅವರು ನನ್ನ ತಲೆ ಮೇಲೆ ಬೀಳ್ತಾರಾ?" ಅಂದರು. ಅಕ್ಕ ಸಮಾಧಾನ ಮಾಡಲು ಹೋಗಿ ಬೈಸಿಕೊಂಡಳು. ಕೊನೆಗೆ ಭಾವನೇ ಉಪಾಯ ಹೇಳಿದರು. ಫೋಟೋ ಅಲ್ಲೇ ಇರಲಿ, ಮಂಚ ಎದುರು ಗೋಡೆಗೆ ಹೋಗಲಿ. ಮಲಗಿದಲ್ಲಿಂದಲೇ ಮುಖ ಕಾಣುತ್ತದೆ, ಎದ್ದು ತಿರುಗುವ ಕೆಲಸವೂ ಇಲ್ಲ. ಅವ್ವ ಒಪ್ಪಿದರು. ಹುರಿ ತೆಗೆದು ತಂತಿ, ಒಂದು ಮೊಳೆ ಬದಲು ಎರಡು ಸ್ಕ್ರೂ ಕೊಕ್ಕೆ ಹಾಕಿದೆವು.

ಕೋವಿಯ ಕಥೆಯೂ ಇದೆ. ನಮ್ಮದು ಜಮ್ಮಾ ಹಿಡುವಳಿ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿ), ಲೈಸೆನ್ಸ್ ವಿನಾಯಿತಿಯ ಕೋವಿ ಒಂದಿದೆ. ಕೈಲ್ ಮುಹೂರ್ತಕ್ಕೆ ತೆಗೆದು ಪೂಜೆ ಮಾಡಿ ಮತ್ತೆ ನಡುಮನೆಯ ಬಾಗಿಲ ಮೇಲಿನ ಎರಡು ಮರದ ಗೂಟಕ್ಕೆ ಏರಿಸುತ್ತಿದ್ದೆವು. ಬಾಗಿಲ ಮೇಲೆ, ಅದೂ ಎಲ್ಲರೂ ಓಡುವ ದಾರಿಯಲ್ಲಿ. ಅದು ಬೀರು ಸೇರಿ ಬೀಗ ಹಾಕಿಸಿಕೊಂಡಿತು. ಮಕ್ಕಳಿರುವ ಮನೆಯಲ್ಲಿ ಅದು ಎಂದೋ ಅಲ್ಲಿರಬೇಕಿತ್ತು ಅಂತ ಅಕ್ಕ ಅಂದಳು.

ಬೀರು, ಷೋಕೇಸು, ಪುಸ್ತಕದ ಕಪಾಟು ಎಲ್ಲಕ್ಕೂ ಒಂದೇ ಮದ್ದು. ಮೇಲ್ತುದಿಯಲ್ಲಿ ಎರಡು ಎಲ್ ಆಕಾರದ ಕ್ಲಾಂಪು ಇಟ್ಟು ಗೋಡೆಗೆ ಬಿಗಿಯುವುದು. ಆದರೆ ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಪ್ಲಗ್ ಸಮೇತ ಕಿತ್ತು ಬರುತ್ತದೆ. ಅದಕ್ಕೆ ಗೋಡೆಯಲ್ಲಿ ಕೂಡಿಸಿದ ಮರದ ತುಂಡುಗಳನ್ನು ತಟ್ಟಿ ತಟ್ಟಿ ಹುಡುಕಬೇಕಾಯಿತು. ಸಿಗದ ಕಡೆ ಎರಡು ಬೀರುಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಬೋಲ್ಟ್ ಹಾಕಿದೆವು. ಭಾರದ ಪಾತ್ರೆ ಕೆಳಗಿನ ತಟ್ಟೆಗೆ ಬಂತು. ಗ್ಯಾಸ್ ಸಿಲಿಂಡರ್‌ಗೆ ಸರಪಳಿ, ಹೊಸ ರಬ್ಬರ್ ಟ್ಯೂಬು. ಇದಕ್ಕೆಲ್ಲ ಹೆಚ್ಚು ಖರ್ಚಾಗಲಿಲ್ಲ.

ಖರ್ಚಿಗಿಂತ ತಲೆನೋವು ಕೊಟ್ಟದ್ದು ನೀರಿನ ಟ್ಯಾಂಕು. ಬಚ್ಚಲ ತಾರಸಿಯ ಮೇಲೆ ನಾಲ್ಕು ಇಟ್ಟಿಗೆ ಕಂಬ, ಅದರ ಮೇಲೆ ಕಡಪಾ ಕಲ್ಲು, ಅದರ ಮೇಲೆ ಸಾವಿರ ಲೀಟರಿನ ಕಪ್ಪು ಟ್ಯಾಂಕು. ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ಆ ಕಂಬಗಳಿಗೂ ತಾರಸಿಗೂ ಕಬ್ಬಿಣದ ಸಂಬಂಧವೇ ಇಲ್ಲ. ಇಡೀ ಮನೆಯಲ್ಲಿ ಭಾವ ನಿಜಕ್ಕೂ ಸಿಟ್ಟಾದದ್ದು ಇದೊಂದಕ್ಕೆ. "ಮೊದಲು ಇದನ್ನು ಇಳಿಸು, ಬೇರೆಲ್ಲ ಆಮೇಲೆ" ಅಂದರು. ನಾನು ಹೇಳಿದೆ, ಮನೆ ಹಿಂದಿನ ಬರೆಯ (ಗುಡ್ಡ ಕಡಿದ ಕಡಿದಾದ ಅಂಚು) ಮೇಲೆ ಇಡುತ್ತೇನೆ, ಎತ್ತರ ಸಿಗುತ್ತದೆ, ನಲ್ಲಿಗೆ ನೀರೂ ಚೆನ್ನಾಗಿ ಬರುತ್ತದೆ ಅಂತ. ಅವರು ಬರೆ ಹತ್ತಿ ನೋಡಿ ಬಂದರು. ಬರೆಯಂಚಿನಲ್ಲಿ ಒಂದು ಟನ್ ಭಾರ, ಅದರ ಮೇಲೆ ಪೈಪು ಸೋರಿದರೆ ಬರೆಯೊಳಗೆ ವರ್ಷವಿಡೀ ನೀರು. ಮನೆ ಮೇಲಿನ ಅಪಾಯವನ್ನು ಮನೆ ಹಿಂದೆ ಇಟ್ಟ ಹಾಗಾಗುತ್ತದೆ. ಈಗ ಟ್ಯಾಂಕು ಅಂಚಿನಿಂದ ತುಂಬ ಹಿಂದೆ, ಕಾಫಿ ಗಿಡಗಳ ನಡುವಿನ ಗಟ್ಟಿ ಮಟ್ಟದ ಮೇಲೆ ಕೂತಿದೆ. ಹೆಚ್ಚುವರಿ ನೀರಿಗೆ ಬೇರೆ ಪೈಪು ಹಾಕಿ ತೋಡಿಗೆ ಬಿಟ್ಟಿದ್ದೇವೆ.

ಬರೆಯ ವಿಷಯ ಬಂದಾಗ ಭಾವ ನಾಲ್ಕು ಮಾತು ಹೇಳಿ ಸುಮ್ಮನಾದರು. ಅದು ಅವರ ಕ್ಷೇತ್ರ ಅಲ್ಲ, ಮಣ್ಣು ಗೊತ್ತಿರುವವರು ನೋಡಬೇಕು. ಆದರೆ ಕೊಡಗಿನಲ್ಲಿ ಭೂಕಂಪಕ್ಕೆ ಮನೆ ನೋಡುವುದು ಅಂದರೆ ಗೋಡೆಗೆ ನಿಲ್ಲಿಸಲಾಗುವುದಿಲ್ಲ. 2022ರ ಕಂಪನಗಳು ಬಂದದ್ದು ಮಳೆ ಹಿಡಿಯುವ ಹೊತ್ತಿನಲ್ಲಿ. ನೀರು ಕುಡಿದು ಭಾರವಾದ ಇಳಿಜಾರಿಗೆ ಜೋರು ಅಲುಗಾಟ ಸಿಕ್ಕರೆ ಗೋಡೆ ನಿಂತರೂ ಬರೆ ಬರಬಹುದು. ನಮ್ಮ ಅಡುಗೆಮನೆಯ ಹಿಂದೆ, ಜಾಗ ಸಾಲದೆ ಜೆಸಿಬಿ ಹಾಕಿ ನೆಟ್ಟಗೆ ಕಡಿಸಿದ ಬರೆ ಇದೆ. ಎರಡಾಳು ಎತ್ತರ. ನಾನು ನೋಡಿದ್ದು ಇಷ್ಟು: ಬರೆಯ ಮೇಲ್ಗಡೆ ಅಂಚಿಗೆ ಸಮನಾಗಿ ಓಡುವ ಬಿರುಕು ಇದೆಯಾ, ಮರಗಳು ಮನೆ ಕಡೆ ವಾಲಿವೆಯಾ, ಬುಡದಲ್ಲಿ ಹೊಸದಾಗಿ ಜಲ ಒಡೆದಿದೆಯಾ, ಬರುವ ನೀರು ತಿಳಿಯಾಗಿದೆಯಾ ಕೆಸರಾ. ಬಿರುಕು ಇರಲಿಲ್ಲ. ತಡೆಗೋಡೆಯಲ್ಲಿ ನೀರು ಹೋಗಲು ಬಿಟ್ಟ ತೂತುಗಳಲ್ಲಿ ಅರ್ಧಕ್ಕರ್ಧ ಮಣ್ಣು ತುಂಬಿ ಜರಿಗಿಡ ಬೆಳೆದಿತ್ತು. ಅವನ್ನು ಕಬ್ಬಿಣದ ಸರಳು ಹಾಕಿ ಬಿಡಿಸಿದಾಗ ಒಂದರಿಂದ ಬಹಳ ಹೊತ್ತು ನೀರು ಸುರಿಯಿತು. ಅಷ್ಟು ನೀರು ಗೋಡೆಯ ಹಿಂದೆ ನಿಂತಿತ್ತು ಅಂತ ಅರ್ಥ. ಬರೆಯ ಮೇಲೆ ಅಡ್ಡ ಚರಂಡಿ ತೆಗೆಸಿ ನೀರನ್ನು ಪಕ್ಕಕ್ಕೆ ತಿರುಗಿಸಿದೆವು. ಮಕ್ಕಳ ಹಾಸಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂದಿನ ಕೋಣೆಗೆ ಬರುತ್ತದೆ. ಬರೆ ಪಕ್ಕದ ಕೋಣೆಯಲ್ಲಿ ಆ ನಾಲ್ಕು ತಿಂಗಳು ಯಾರೂ ಮಲಗುವುದಿಲ್ಲ.

ಇನ್ನು ಹೊಟ್ಟೆ ಬಿಟ್ಟ ಗೋಡೆ. ಭಾವ ಬರೆದುಕೊಟ್ಟದ್ದು ಎರಡು ಕೆಲಸ. ಒಂದು, ಗೋಡೆಯ ಎರಡು ಸಾಲುಗಳನ್ನು ಕೂಡಿಸುವುದು. ಇನ್ನೊಂದು, ಲಿಂಟಲ್ ಮಟ್ಟದಲ್ಲಿ ಒಳಗೂ ಹೊರಗೂ ವೆಲ್ಡ್ ಮೆಶ್ ಹೊಡೆದು ಸಿಮೆಂಟ್ ಗಾರೆ ಮೆತ್ತಿ, ಮನೆ ಸುತ್ತ ಬೆಲ್ಟ್ ಹಾಕುವುದು. ಮೇಸ್ತ್ರಿಗೆ ಮೊದಲು ಇದು ತಮಾಷೆಯಾಗಿ ಕಂಡಿತು. "ಅಣ್ಣ, ಇಷ್ಟು ಮಳೆ ತಿಂದು ನಿಂತ ಗೋಡೆ, ಇದಕ್ಕೆ ಪಟ್ಟಿ ಬೇರೆಯಾ?" ಅಂದ. ಸೌದೆ ಹೊರೆಗೆ ಹಗ್ಗ ಬಿಗಿದ ಹಾಗೆ ಅಂತ ಭಾವ ಫೋನಿನಲ್ಲಿ ಹೇಳಿದ ಮೇಲೆ ಅವನಿಗೆ ಹಿಡಿಸಿತು.

ತೂತು ಕೊರೆಯುವುದು ನಾಜೂಕಿನ ಕೆಲಸ. ಸುತ್ತಿಗೆಯಿಂದ ಗುದ್ದುವ ಹಾಗಿಲ್ಲ, ಗೋಡೆ ಅಲ್ಲಾಡುತ್ತದೆ. ಒಂದು ಕಡೆ ಕಲ್ಲನ್ನು ಸರಳಿನಿಂದ ಮೆಲ್ಲಗೆ ಮೀಟಿ ಬಿಡಿಸಬೇಕು. ಒಳಗಿನ ಮಣ್ಣನ್ನು ಕೈಯಿಂದಲೇ ತೆಗೆಯಬೇಕು. ಆಮೇಲೆ ಆಚೆ ಕಡೆಯ ಕಲ್ಲು. ದಾರಿ ಆಚೆಗೆ ಹಾದ ಮೇಲೆ ಎರಡೂ ತುದಿ ಕೊಕ್ಕೆ ಮಾಡಿದ 8 ಎಂಎಂ ಸರಳು ಇಟ್ಟು, ಸುತ್ತ ಕಾಂಕ್ರೀಟ್ ತುಂಬಿ, ಒಂದು ವಾರ ನೀರು ಹಾಕಿ ಕಾಯಬೇಕು. ಪಕ್ಕಪಕ್ಕದ ಎರಡು ತೂತು ಒಟ್ಟಿಗೆ ತೆಗೆಯಬಾರದು. ಮೇಸ್ತ್ರಿ ಮೊದಲ ತೂತಿನೊಳಗೆ ಟಾರ್ಚ್ ಬಿಟ್ಟು ನನ್ನನ್ನು ಕರೆದ. ಎರಡು ಸಾಲುಗಳ ನಡುವೆ ನನ್ನ ಅಂಗೈ ನಿಲ್ಲುವಷ್ಟು ಖಾಲಿ ಜಾಗ ಇತ್ತು. ಮಣ್ಣು ಕೆಳಗೆ ಕುಸಿದು ಕೂತಿತ್ತು, ಮೇಲೆ ಇಲಿಗಳು ಗೂಡು ಮಾಡಿದ್ದವು. ಅಲ್ಲಿಂದ ಮುಂದೆ ಅವನು ಪಟ್ಟಿಯ ವಿಷಯದಲ್ಲಿ ತಕರಾರು ತೆಗೆಯಲಿಲ್ಲ. ಪಡುವಣ ಗೋಡೆ ಮುಗಿಯಿತು. ಒಂದು ಕ್ವಿಂಟಾಲ್ ಮೆಣಸಿನ ದುಡ್ಡು ಅದಕ್ಕೇ ಹೋಯಿತು. ಉಳಿದ ಮೂರು ಕಡೆಯ ಬೆಲ್ಟ್ ಇನ್ನೂ ಬಾಕಿ.

ನಡುಗಿದಾಗ ಏನು ಮಾಡುವುದು ಅನ್ನುವುದನ್ನೂ ಮಾತಾಡಿಕೊಂಡೆವು. ಬಗ್ಗಿ ಕೂತು, ಗಟ್ಟಿ ಮೇಜಿನಡಿ ಸೇರಿ, ಅದರ ಕಾಲು ಹಿಡಿದುಕೊಳ್ಳುವುದು ಎಲ್ಲ ಕಡೆ ಹೇಳುವ ಕ್ರಮ. ಮಲಗಿದ್ದರೆ ಅಲ್ಲೇ ಇದ್ದು ತಲೆಗೆ ದಿಂಬು ಹಿಡಿಯುವುದು. ತಾರಸಿ ಕೆಳಗಿನ ಅಡುಗೆಮನೆಯಲ್ಲಿ ಇದ್ದರೆ ಹಾಗೇ ಮಾಡಿ ಅಂದರು ಭಾವ. ಹಳೆ ಮನೆಯಲ್ಲಿ ಬಾಗಿಲಿಗೆ ಒಂದೇ ಹೆಜ್ಜೆ ದೂರದಲ್ಲಿದ್ದವರು ಮಾತ್ರ ಹೊರಗೆ ಹೋಗಬಹುದು. ಹೋದ ಮೇಲೆ ಮಾಡಿನ ಕೆಳಗೆ ನಿಲ್ಲಬಾರದು, ನೇರ ಕಾಫಿ ಕಣಕ್ಕೆ. ಕಣದ ಮೇಲೆ ಹಾದುಹೋಗುವ ಕರೆಂಟ್ ತಂತಿ ಒಂದಿದೆ, ಅದರಡಿ ಬಿಟ್ಟು ಆಚೆ ತುದಿಗೆ. ಅವ್ವ ಓಡುವುದಿಲ್ಲ. ಮಂಚದ ಪಕ್ಕದ ಹಳೆ ಹಲಸಿನ ಮೇಜೇ ಅವರ ಜಾಗ. ಒಂದು ಸಂಜೆ ಎಲ್ಲರೂ ಮಾಡಿ ನೋಡಿದೆವು. ಅವ್ವ ಮೇಜಿನಡಿಯಿಂದ "ನನ್ನ ಕಾಫಿ ತಣ್ಣಗಾಗ್ತದೆ, ಮುಗೀತಾ?" ಅಂತ ಕೂಗಿದರು. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ತುರ್ತಿಗೆ 112, ಎರಡನ್ನೂ ಫ್ರಿಜ್ ಮೇಲೆ ಅಂಟಿಸಿದ್ದೇವೆ. ಪಹಣಿ, ಆಧಾರ್ ಪ್ರತಿಗಳು, ಅವ್ವನ ಮಾತ್ರೆ, ಟಾರ್ಚ್ ಒಂದು ಚೀಲದಲ್ಲಿ ಬಾಗಿಲ ಹತ್ತಿರ ಇವೆ. ಮಳೆಗಾಲಕ್ಕೂ ಅದೇ ಚೀಲ.

ಭಾವ ಹೊರಡುವ ಮುಂಚೆ ಲೈನ್ ಮನೆಗಳನ್ನೂ ನೋಡುತ್ತೇನೆ ಅಂದರು. ತೋಟದ ಕೆಲಸಕ್ಕೆ ಬಂದ ಕುಟುಂಬಗಳು ಅಲ್ಲಿವೆ. ಒಂದೇ ಸಾಲಿನಲ್ಲಿ ಕೋಣೆಗಳು, ತೆಳ್ಳಗಿನ ಹಾಲೋ ಬ್ಲಾಕ್ ಗೋಡೆ, ಮೇಲೆ ಶೀಟು. ಎಲ್ಲೂ ಬೆಲ್ಟ್ ಇಲ್ಲ. ಅಡ್ಡ ಗೋಡೆಗಳು ಉದ್ದದ ಗೋಡೆಗೆ ಹಲ್ಲು ಕಚ್ಚಿಲ್ಲ. ಗಾಳಿಗೆ ಹಾರದಿರಲಿ ಅಂತ ಶೀಟುಗಳ ಮೇಲೆ ಸೈಜುಗಲ್ಲು ಪೇರಿಸಿಟ್ಟಿದ್ದರು. ಒಂದೊಂದೂ ಮಗು ಎತ್ತಲಾಗದಷ್ಟು ಭಾರ, ಸರಿಯಾಗಿ ಮಲಗುವವರ ಮೇಲೆ. "ನಿನ್ನ ಮನೆಗಿಂತ ಮೊದಲು ಇದು" ಅಂತ ಭಾವ ಕೆಲಸಗಳ ಪಟ್ಟಿಯಲ್ಲಿ ಇದನ್ನು ನಮ್ಮ ಉಳಿದ ಮೂರು ಗೋಡೆಗಳಿಗಿಂತ ಮೇಲೆ ಬರೆದರು.

ಆ ಸಂಜೆಯೇ ಕಲ್ಲು ಇಳಿಸಿದೆವು. ಲೈನ್ ಮನೆಯ ಹೆಂಗಸೊಬ್ಬಳು "ಅಣ್ಣ, ಕಲ್ಲು ತೆಗೆದ್ರೆ ಗಾಳಿಗೆ ಶೀಟು ಹೋಗಲ್ವಾ?" ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ರಾತ್ರಿಗೆ ತಂತಿ ಸುತ್ತಿ ಬಿಗಿದೆವು. ಮಾರನೇ ದಿನ ಮಡಿಕೇರಿಯಿಂದ ಜೆ ಹುಕ್ಕು, ವಾಷರು ತಂದು ಶೀಟುಗಳನ್ನು ಕೆಳಗಿನ ಪೈಪಿಗೆ ಬಿಗಿಸಿದೆ. ನಾಲ್ಕು ಮೂಲೆಗೆ ಕಂಬ, ಸುತ್ತ ಬೆಲ್ಟ್ ಹಾಕಿಸಬೇಕು. ಕಾಫಿ ಕುಯ್ಲು ಮುಗಿದ ಮೇಲೆ ಶುರು ಮಾಡೋಣ ಅಂತ ಮೇಸ್ತ್ರಿ ಮಾತು ಕೊಟ್ಟಿದ್ದಾನೆ. ಮರಳು, ಎಂ ಸ್ಯಾಂಡ್ ಎರಡರ ರೇಟೂ ಕೇಳಿಟ್ಟಿದ್ದೇನೆ. ಕೆಲಸ ನಡೆಯುವಷ್ಟು ದಿನ ಆ ಕುಟುಂಬಗಳಿಗೆ ಗೋದಾಮು ಖಾಲಿ ಮಾಡಿಕೊಡಬೇಕು. ಅಲ್ಲಿನ ಮೂಟೆಗಳ ಅಟ್ಟಿಯನ್ನು ಮೊದಲು ಸೊಂಟದೆತ್ತರಕ್ಕೆ ಇಳಿಸಬೇಕು.